ಮೃದುವಾದ ಮಾತು ದುರ್ಬಲರ ಮಾತೇ?

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕ್ರೈಸ್ತನಾದ ನನಗೆ ಈ ಗಾದೆಯೊಡನೆ ಸತ್ಯವೇದದ ಯಾಕೋಬನ ಪತ್ರಿಕೆಯೂ ನೆನಪಾಗುತ್ತದೆ. ಅದರ 3ನೆಯ ಅಧ್ಯಾಯವು ನಾಲಿಗೆಯನ್ನು ಹಡಗಿನ ಚುಕ್ಕಾಣಿಗೂ ಕಾಡನ್ನು ಸುಡುವ ಕಿಡಿಗೂ ಹೋಲಿಸುತ್ತದೆ. ಅಂಗ ಚಿಕ್ಕದು, ಪರಿಣಾಮ ದೊಡ್ಡದು.

ಆದರೆ ಒಂದು ಸಂದೇಹ ಏಳುತ್ತದೆ. ಯೇಸುಸ್ವಾಮಿಯೇ ಕಟುವಾಗಿ ಮಾತನಾಡಲಿಲ್ಲವೇ? ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದ ತುಂಬ ಶಾಸ್ತ್ರಿಗಳ ಹಾಗೂ ಫರಿಸಾಯರ ಖಂಡನೆಯೇ ಇದೆ. ಇದನ್ನು ತೋರಿಸಿ, ಸತ್ಯ ಹೇಳುವವನು ನಿಷ್ಠುರನಾಗಲೇಬೇಕೆಂದು ವಾದಿಸುವವರುಂಟು.

ಆ ಮಾತು ಯಾರಿಗೆ ಎಂಬುದನ್ನು ನೋಡಬೇಕು. ಅದು ಜನರ ಹೆಗಲ ಮೇಲೆ ಭಾರ ಹೊರಿಸಿ, ತಾವು ಮೇಲಿನ ಪೀಠದಲ್ಲಿ ಕುಳಿತವರಿಗೆ. ಬಾವಿಗೆ ನೀರು ಸೇದಲು ಬಂದ ಸಮಾರ್ಯದ ಹೆಂಗಸಿನೊಡನೆ ಆತನ ರೀತಿಯೇ ಬೇರೆ. ಮೊದಲು ಅವಳಲ್ಲಿ ಕುಡಿಯಲು ನೀರು ಬೇಡಿದ. ಅವಳ ಬಾಳಿನ ನಿಜವನ್ನು ಆಮೇಲೆ ಹೇಳಿದ. ನಿಜವನ್ನು ಮರೆಮಾಚಲಿಲ್ಲ, ಆದರೂ ಅವಳು ಮಾತು ಮುರಿದು ಹೋಗಲಿಲ್ಲ. ನಾವು ಮಾಡುವುದು ಇದಕ್ಕೆ ತಿರುಗುಮುರುಗು. ಕಚೇರಿಯಲ್ಲಿ ಮೇಲಧಿಕಾರಿಯ ಮುಂದೆ ಬೆಣ್ಣೆ, ಜವಾನನ ಮುಂದೆ ಏಕವಚನ, ಮನೆಯಲ್ಲಿ ಹೆಂಡತಿ ಮಕ್ಕಳ ಮುಂದೆ ಬೆಂಕಿ! ಇದು ಸತ್ಯನಿಷ್ಠೆಯಲ್ಲ, ಎದುರು ಹೇಳಲಾರದವರ ಮೇಲೆ ತೋರಿಸುವ ಶೌರ್ಯ.

ಹಾಗಾದರೆ ಮೃದುತ್ವವೆಂದರೆ ಬಾಯಿ ಮುಚ್ಚಿಕೊಂಡಿರುವುದೇ? ಅಲ್ಲ. ವಿಚಾರಣೆಯ ವೇಳೆ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಬೈಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ತನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸು, ಇಲ್ಲವಾದರೆ ಹೊಡೆದದ್ದೇಕೆ ಎಂಬರ್ಥದಲ್ಲಿ ಕೇಳಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಉತ್ತರಿಸುವ ಹೊಣೆ ಹೊಡೆದವನ ಮೇಲೆಯೇ ಬಿತ್ತು. ಬೈದಿದ್ದರೆ ಅವನಿಗೆ ಎರಡನೆಯ ಏಟಿಗೆ ನೆಪ ಸಿಗುತ್ತಿತ್ತು, ಅಷ್ಟೆ.

ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೊದಲು ಕಲಿಸುವ ನಿಯಮವೊಂದಿದೆ. ಗಂಧಕಾಮ್ಲವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು; ಆಮ್ಲಕ್ಕೇ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಪದಾರ್ಥಗಳು ಅವೇ, ಕ್ರಮ ಮಾತ್ರ ಬೇರೆ. ಮೊದಲು ಚೆನ್ನಾಗಿ ಬೈದು, ಆಮೇಲೆ ಸಮಾಧಾನದ ನೀರೆರೆಯುವುದೂ ಹಾಗೆಯೇ. ಪಾತ್ರೆಯಲ್ಲಿ ಪ್ರೀತಿ ಮೊದಲೇ ಇರಬೇಕು. ಸತ್ಯ ಅದಕ್ಕೆ ಹನಿಹನಿಯಾಗಿ ಬೀಳಬೇಕು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಎಚ್ಚರವೂ ಬೇಕು. ನಮ್ಮ ಮಕ್ಕಳಲ್ಲಿ ಅನೇಕರ ಕಿವಿಗೆ ಕನ್ನಡ ಬೀಳುವುದು ಮನೆಯಲ್ಲಿ ಮಾತ್ರ. ಅಲ್ಲಿ ಕೇಳುವುದೆಲ್ಲ ಗದರಿಕೆಯೇ ಆದರೆ, ತಾಯ್ನುಡಿ ಎಂದರೆ ಬೈಗುಳದ ಭಾಷೆ ಎಂದೇ ಎಳೆಯ ಮನಸ್ಸು ತಿಳಿದೀತು.

ಯಾವ ಮತದವರೇ ಆಗಲಿ, ಬಾಯಿ ತೆರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಾತು ಕೇಳಿದವನು ಮರಳಿ ನನ್ನೊಡನೆ ಮಾತನಾಡಬಲ್ಲನೇ?