ಕಿಣ್ವ, ನಿಮಿತ್ತ ಮತ್ತು ಹಿಂಸೆ

ಔಷಧ ಕಾರ್ಖಾನೆಗಳಿಂದ ಹೆಸರಾಗಿರುವ ಪಟಾನ್‌ಚೆರು ಹನ್ನೊಂದನೆಯ ಶತಮಾನದಲ್ಲಿ ಪೊಟ್ಟಳಕೆರೆಯೆಂದು ಕರೆಯಿಸಿಕೊಂಡು ಕಲ್ಯಾಣ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ನೆಲೆವೀಡಾಗಿತ್ತು. ಜೈನರಿಗೂ ಅದು ದೊಡ್ಡ ಕೇಂದ್ರವಾಗಿತ್ತು. ಜೈನ ತತ್ತ್ವಚಿಂತಕರು ಬಹುಕಾಲ ಚರ್ಚಿಸಿದ ಉಪಾದಾನ ಮತ್ತು ನಿಮಿತ್ತಗಳ ಪ್ರಶ್ನೆ ಇಂದಿನ ಔಷಧ ತಯಾರಿಕೆಗೂ ತಾಗುತ್ತದೆ. ತಾನೇ ಕಾರ್ಯವಾಗಿ ಪರಿಣಮಿಸುವುದು ಉಪಾದಾನ ಕಾರಣ, ತಾನು ಕಾರ್ಯವಾಗದೆ ನೆರವಾಗುವುದು ನಿಮಿತ್ತ ಕಾರಣ. ಮಡಕೆಗೆ ಮಣ್ಣು ಉಪಾದಾನವಾದರೆ ಕುಂಬಾರನೂ ಅವನ ತಿಗರಿಯೂ ನಿಮಿತ್ತ.

ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ಪ್ರೋಟೀನಾದ ಕಿಣ್ವ ಇಂಥ ಒಂದು ನಿಮಿತ್ತ. ನೀರಿನಲ್ಲಿ ಕರಗಿದ ಕಿಣ್ವ ಉತ್ಪನ್ನದೊಡನೆ ಬೆರೆತು ಕೈತಪ್ಪುವುದರಿಂದ ಅದನ್ನು ಘನವಸ್ತುವಿನಲ್ಲಿ ನೆಲೆಗೊಳಿಸುವ ಉಪಾಯಗಳು ಬೆಳೆದವು. ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಇದ್ದಿಲಿಗೆ ಅಂಟಿಯೂ ಕೆಲಸ ಮಾಡುವುದನ್ನು ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲಿ ತೋರಿಸಿದರು. ಆಮೇಲೆ ರಾಳದ ಮಣಿಗಳಿಗೆ ಗಟ್ಟಿ ರಾಸಾಯನಿಕ ಬಂಧದಿಂದ ಕಟ್ಟುವುದು, ಆಲ್ಜಿನೇಟ್ ಜೆಲ್ಲಿನೊಳಗೆ ಹಿಡಿದಿಡುವುದು, ಗ್ಲುಟರಾಲ್ಡಿಹೈಡಿನಿಂದ ಕಿಣ್ವದ ಅಣುಗಳನ್ನೇ ಒಂದಕ್ಕೊಂದು ಹೆಣೆಯುವುದು ರೂಢಿಗೆ ಬಂದವು. ಪೆನಿಸಿಲಿನ್-ಜಿಯನ್ನು ಸೀಳಿ, ಅಮಾಕ್ಸಿಸಿಲಿನ್ ಮೊದಲಾದವುಗಳಿಗೆ ಬೇಕಾದ 6-ಎಪಿಎ ಎಂಬ ಮೂಲವಸ್ತುವನ್ನು ಪಡೆಯಲು ಹಿಂದೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಶೈತ್ಯವೂ ಕ್ಲೋರಿನ್‌ಯುಕ್ತ ದ್ರಾವಕಗಳೂ ಬೇಕಾಗಿದ್ದವು. ಮಣಿಗಳಿಗೆ ಕಟ್ಟಿದ ಪೆನಿಸಿಲಿನ್ ಅಸೈಲೇಸ್ ಅದೇ ಕೆಲಸವನ್ನು ನೀರಿನಲ್ಲಿ, ಮೈಬಿಸಿಗೆ ಹತ್ತಿರದ ಶಾಖದಲ್ಲಿ ಮಾಡುತ್ತದೆ. ಬಿಡುಗಡೆಯಾಗುವ ಆಮ್ಲದಿಂದ ದ್ರಾವಣ ಹುಳಿಯಾಗುತ್ತ ಹೋದಂತೆ ಕ್ಷಾರವನ್ನು ಅಳತೆಯಿಂದ ಸೇರಿಸುತ್ತ, ಕೊನೆಗೆ ದ್ರವವನ್ನು ಬಸಿದು ಮಣಿಗಳನ್ನು ಜರಡಿಯ ಮೇಲೆ ಉಳಿಸಿಕೊಂಡರೆ ಅವು ನೂರಾರು ಸಲ ಬಳಕೆಗೆ ಬರುತ್ತವೆ, ಆದರೆ ಸಲಸಲಕ್ಕೂ ಅವುಗಳ ಕಸುವು ತುಸು ಕುಗ್ಗುತ್ತದೆ.

ದ್ರಾವಕದ ತ್ಯಾಜ್ಯವನ್ನು ಇಷ್ಟು ತಗ್ಗಿಸುವ ವಿಧಾನ ಅಹಿಂಸೆಯ ಕಡೆಗಿಟ್ಟ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ, ಏಕೆಂದರೆ ಜೈನ ದೃಷ್ಟಿಯಲ್ಲಿ ನೀರನ್ನೇ ಕಾಯವಾಗಿ ಉಳ್ಳ ಜೀವಗಳಿವೆ. ಆದರೆ ತಯಾರಾದ ಔಷಧವೇ ನೀರಿಗೆ ಸೇರಿದರೆ ಕಿಣ್ವದ ಸೌಮ್ಯತೆ ಏನನ್ನೂ ಕಾಯಲಾರದು. ಪಟಾನ್‌ಚೆರು ಬಳಿ ಸುಮಾರು 90 ಔಷಧ ತಯಾರಕರ ತ್ಯಾಜ್ಯವನ್ನು ಪಡೆಯುತ್ತಿದ್ದ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರಿನಲ್ಲಿ, ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದುದನ್ನು 2007ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಎಲ್ಲರ ತ್ಯಾಜ್ಯವೂ ಒಂದೇ ತೊಟ್ಟಿಯಲ್ಲಿ ಕೂಡುವಾಗ ಪ್ರತಿಯೊಬ್ಬನೂ ತಾನು ಬರಿಯ ನಿಮಿತ್ತವೆಂದು ಹೇಳಿಕೊಳ್ಳಬಹುದು. ಈ ಸಮಾಧಾನವನ್ನು ಜೈನ ಶಾಸ್ತ್ರ ಒಪ್ಪುವುದಿಲ್ಲ: ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನಲ್ಲ, ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಮುಂದಿಡುತ್ತದೆ, ಎಚ್ಚರವಾಗಿರುವ ಶಕ್ತಿಯಿಲ್ಲದ ಮಣಿಗೆ ಈ ದೋಷ ತಟ್ಟದು, ಅದನ್ನು ದುಡಿಸಿಕೊಳ್ಳುವವನಿಗೆ ತಟ್ಟುತ್ತದೆ.