ಗೋಡೆ ಕಟ್ಟುವ ಮೊದಲು

2023ರ ಮಾರ್ಚ್ 3ರ ರಾತ್ರಿ ನಾನು ಘಟಪ್ರಭಾದ ಮನೆಯಲ್ಲಿದ್ದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಪ್ಲೇಆಫ್ ಪಂದ್ಯ: ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್. ನಮ್ಮ ಕಡೆ ಕುಸ್ತಿ, ಕಬಡ್ಡಿ ಬಿಟ್ಟರೆ ಕ್ರಿಕೆಟ್ಟು. ಫುಟ್ಬಾಲ್ ಚಟ ನನಗೆ ಹಾಸ್ಟೆಲಿನಲ್ಲಿ ಅಂಟಿದ್ದು, ಅದೂ ಕಾಸರಗೋಡಿನ ಗೆಳೆಯನಿಂದ. ಅವನು ಬ್ಲಾಸ್ಟರ್ಸ್ ಕಡೆಯವನು. ಮೊಬೈಲನ್ನು ತಂಬಿಗೆಗೆ ಒರಗಿಸಿಟ್ಟು ನೋಡುತ್ತಿದ್ದೆ, ಪಕ್ಕದಲ್ಲಿ ಕಾಕಾ.

90 ನಿಮಿಷದಲ್ಲಿ ಗೋಲಾಗಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷಕ್ಕೆ, ಬೆಂಗಳೂರಿಗೆ ಫ್ರೀ ಕಿಕ್. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರ್ ತನ್ನ ಜಾಗದಲ್ಲಿರಲಿಲ್ಲ. ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಹಾಕಿಬಿಟ್ಟರು. ರೆಫರಿ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದರು, ಅವರು ಮರಳಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು.

ನಾನು ಕುಣಿದೆ. ಕಾಕಾ ಕುಣಿಯಲಿಲ್ಲ. “ಎದುರಿನಾಂವ ತಯಾರಾಗಿ ನಿಂದ್ರೂತನಕಾ ನಾವು ಕೈ ಹಚ್ಚತಿದ್ದಿಲ್ಲಪಾ” ಅಂದರು. ಅವರದು ಕುಸ್ತಿಯ ಲೆಕ್ಕ.

ಆ ಲೆಕ್ಕ ಇಲ್ಲಿ ಕೂಡುವುದಿಲ್ಲ ಎಂದು ನನ್ನ ವಾದ. ಕುಸ್ತಿ ಶುರುವಾಗುವಾಗ ಇಬ್ಬರೂ ಸಮ. ಫ್ರೀ ಕಿಕ್‌ನಲ್ಲಿ ಹಾಗಲ್ಲ: ಒಬ್ಬರು ತಪ್ಪು ಮಾಡಿದ್ದಾರೆ, ಇನ್ನೊಬ್ಬರಿಗೆ ಅದರ ಪರಿಹಾರ ಸಿಕ್ಕಿದೆ. ತಪ್ಪು ಮಾಡಿದವರು ಗೋಡೆ ಕಟ್ಟಿಕೊಳ್ಳುವವರೆಗೆ ಕಾಯಲೇಬೇಕು ಎಂದರೆ ಅನುಕೂಲ ಯಾರಿಗೆ? ಅದಕ್ಕೇ ಸೀಟಿಗೆ ಕಾಯದೆ ಒದೆಯಲು ನಿಯಮದಲ್ಲಿ ಅವಕಾಶವಿದೆ. ಸೀಟಿ, ಗೋಡೆ ಎರಡೂ ಬೇಡ ಎಂದು ರೆಫರಿಗೆ ಹೇಳಿದ್ದೆ ಎಂದು ಛೆಟ್ರಿ ಆಮೇಲೆ ತಿಳಿಸಿದರು.

ಇಷ್ಟು ವಾದಿಸಿದರೂ ಸಮಾಧಾನವಿಲ್ಲ. ಒದೆತ ಬಂದದ್ದು ಫೌಲ್ ಆದ ಕೂಡಲೇ ಅಲ್ಲ, ಆಟ ನಿಂತು ಕೆಲ ಹೊತ್ತಾದ ಮೇಲೆ. ಆಗ ಛೆಟ್ರಿಗೆ ಒದಗಿದ್ದು ವೇಗವೋ, ಎದುರಾಳಿಯ ನಂಬಿಕೆಯೋ? ಇದು ಲೀಗ್ ಹಂತವಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ 20 ಪಂದ್ಯ. ಇವತ್ತಿನ ಅನ್ಯಾಯವನ್ನು ಮುಂದಿನ ವಾರ ತೀರಿಸಿಕೊಳ್ಳಬಹುದು. ಆ ವರ್ಷ ಮೂರರಿಂದ ಆರನೇ ಸ್ಥಾನದವರಿಗೆ ಒಂದೇ ಪಂದ್ಯದ ನಾಕೌಟ್. ಬೆಂಗಳೂರು ನಾಲ್ಕನೆಯದು, ಕೇರಳ ಐದನೆಯದು. ಸೋತವರಿಗೆ ಮುಂದಿನ ವಾರವೇ ಇಲ್ಲ.

ತಲೆ ಕೆಡಲು ಇನ್ನೊಂದು ಕಾರಣವೂ ಇತ್ತು. ಆ ಚಳಿಗಾಲದಲ್ಲಿ ಒಂದು ಫೆಲೋಶಿಪ್ಪಿನ ಕೊನೆಯ ದಿನಾಂಕ ನನಗೆ ತಿಳಿದಿತ್ತು, ಅದೇ ಗೆಳೆಯನಿಗೆ ತಿಳಿದಿರಲಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಬೇಕೆಂಬ ನಿಯಮ ಎಲ್ಲೂ ಇಲ್ಲ. ಇಲ್ಲಿ ಅವನು ನನಗೆ ಯಾವ ಫೌಲನ್ನೂ ಮಾಡಿರಲಿಲ್ಲ, ಆದ್ದರಿಂದ ಮೇಲಿನ ನನ್ನ ವಾದ ನನಗೇ ಒದಗುವುದಿಲ್ಲ.

ಆ ರಾತ್ರಿ ಅವನು ಛೆಟ್ರಿಯನ್ನು ಬೈಯುತ್ತಾನೆಂದು ಉತ್ತರ ಸಿದ್ಧಮಾಡಿಕೊಂಡು ಕಾದೆ. ಅವನ ಮೆಸೇಜು ಬಂತು: “ಇನ್ನೂ 24 ನಿಮಿಷ ಇತ್ತಲ್ಲ ಮಾರಾಯ. ಯಾಕೆ ಬಿಟ್ಟು ಬಂದರು?” ಗೋಲಿನ ಬಗ್ಗೆ ಒಂದು ಮಾತೂ ಇಲ್ಲ. ಅನ್ಯಾಯವಾಗಿದ್ದರೂ ಅದಕ್ಕೆ ಉತ್ತರ ಕೊಡುವ ಜಾಗ ಮೈದಾನವೇ ಆಗಿತ್ತು, ಅದನ್ನು ಇವರೇ ಖಾಲಿ ಮಾಡಿದರು ಎಂಬುದು ಅವನ ಸಂಕಟ. ಮರುಪಂದ್ಯ ಬೇಕೆಂಬ ಕೇರಳದ ಕೋರಿಕೆಯನ್ನು ಮುಂದೆ ಫುಟ್ಬಾಲ್ ಫೆಡರೇಷನ್ ತಳ್ಳಿಹಾಕಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಬೆಂಗಳೂರು ಫೈನಲ್ ತನಕ ಹೋಗಿ, ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲಿ ಸೋತಿತು.

ಮೈದಾನ ಬಿಟ್ಟದ್ದು ತಪ್ಪು ಎಂದೇ ನಾನೂ ಅಂದುಕೊಂಡಿದ್ದೇನೆ. ಆದರೆ ಹಾಗೆನ್ನಲು ಗೆದ್ದವರ ಕಡೆಯವನಿಗೆ ಎಷ್ಟು ಹಕ್ಕು? ನನ್ನ ಗೆಳೆಯನಿಗೆ ಆ 24 ನಿಮಿಷವೂ ಸಿಕ್ಕಿರಲಿಲ್ಲ. ಆಟ ನಡೆದದ್ದೇ ಅವನಿಗೆ ಗೊತ್ತಿಲ್ಲ.

ಛೆಟ್ರಿ ಪರವಾಗಿ ಟೈಪ್ ಮಾಡಿದ್ದನ್ನು ಅಳಿಸಿ, ಫೆಲೋಶಿಪ್ಪಿನ ವಿಷಯ ಬರೆದು ಕಳಿಸಿದೆ. ಬೆಳಿಗ್ಗೆ ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನೋಡಿದಾಗ ಎರಡು ನೀಲಿ ಗೆರೆ ಬಿದ್ದಿದ್ದವು. ಉತ್ತರ ಬಂದಿರಲಿಲ್ಲ.