ದೋಷ ಕಾಣದ ಮೆಮೊರಿ ಮತ್ತು ಪ್ರಾಮಾಣ್ಯದ ಪ್ರಶ್ನೆ

ಕಂಪ್ಯೂಟರಿನ ಡಿರ‍್ಯಾಮ್ ಮೆಮೊರಿಯಲ್ಲಿ ಪ್ರತಿಯೊಂದು ಬಿಟ್ ಅತಿ ಚಿಕ್ಕದೊಂದು ಕೆಪಾಸಿಟರಿನ ಚಾರ್ಜ್ ರೂಪದಲ್ಲಿರುತ್ತದೆ. ಈ ಚಾರ್ಜ್ ಸದಾ ಸೋರುತ್ತಿರುತ್ತದೆ. ಆದ್ದರಿಂದ ಡಿಡಿಆರ್4 ಮೆಮೊರಿಯಲ್ಲಿ ಸಾಮಾನ್ಯ ಉಷ್ಣತೆಯಿರುವಾಗ ಎಲ್ಲ ಸಾಲುಗಳನ್ನೂ 64 ಮಿಲಿಸೆಕೆಂಡಿಗೊಮ್ಮೆ ಹೊಸದಾಗಿ ತುಂಬಬೇಕು. ಒಂದು ಸಾಲನ್ನು ತೆರೆಯಲು, ಓದಲು, ಮುಚ್ಚಲು ಎಷ್ಟು ಕ್ಲಾಕ್ ಆವರ್ತ ಕಾಯಬೇಕೆಂದು ಹೇಳುವ ಸಂಖ್ಯೆಗಳೇ ಟೈಮಿಂಗ್‌ಗಳು. ಡಿಡಿಆರ್4-3200ರಲ್ಲಿ ಕ್ಲಾಕ್ 1600 ಮೆಗಾಹರ್ಟ್ಸ್. ಅಲ್ಲಿ ಸಿಎಲ್ (ಓದುವ ಆದೇಶ ಕೊಟ್ಟ ಮೇಲೆ ದತ್ತಾಂಶಕ್ಕೆ ಕಾಯಬೇಕಾದ ಆವರ್ತ) 16 ಎಂದರೆ 10 ನ್ಯಾನೊಸೆಕೆಂಡ್, 14ಕ್ಕೆ ಇಳಿಸಿದರೆ 8.75.

ಒಂದೇ ಬಗೆಯ ಚಿಪ್‌ಗಳೂ ಸಾಮರ್ಥ್ಯದಲ್ಲಿ ಸರಿಸಮವಲ್ಲ. ಅದಕ್ಕಾಗಿ ತಯಾರಕರು ಈ ಸಂಖ್ಯೆಗಳಲ್ಲಿ ಸುರಕ್ಷತೆಗೆಂದು ಒಂದಿಷ್ಟು ಅವಕಾಶ ಬಿಟ್ಟಿರುತ್ತಾರೆ. ಮನೆಯಲ್ಲೇ ಕಂಪ್ಯೂಟರ್ ಜೋಡಿಸಿ ಓವರ್‌ಕ್ಲಾಕ್ ಮಾಡುವವರು ಬಯೋಸ್‌ನಲ್ಲಿ ಆ ಅವಕಾಶವನ್ನೇ ಹಂತಹಂತವಾಗಿ ಕಿರಿದಾಗಿಸುತ್ತಾರೆ. ಒಂದು ಸಂಖ್ಯೆ ಬಿಗಿ ಮಾಡಿ, ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿ, ದೋಷ ಕಾಣದಿದ್ದರೆ ‘ಸ್ಟೇಬಲ್’ ಎನ್ನುತ್ತಾರೆ. ಈ ತೀರ್ಮಾನಕ್ಕೆ ಆಧಾರವೇನು ಎಂಬುದು ಹಳೆಯ ತತ್ತ್ವಪ್ರಶ್ನೆ.

ಒಂದೇ ಒಂದು ದೋಷ ಕಂಡರೂ ಆ ಸೆಟ್ಟಿಂಗ್ ಬಿದ್ದುಹೋಗುತ್ತದೆ; ಸಾವಿರ ಸುತ್ತು ದೋಷ ಕಾಣದಿದ್ದರೂ ಅದು ಸಿದ್ಧವಾಗುವುದಿಲ್ಲ. ಚಳಿಗಾಲದ ರಾತ್ರಿ ಗೆದ್ದ ಟೈಮಿಂಗ್ ಏಪ್ರಿಲ್ ಮಧ್ಯಾಹ್ನ ಸೋಲಬಹುದು, ಏಕೆಂದರೆ ಬಿಸಿ ಏರಿದಂತೆ ಚಾರ್ಜ್ ಸೋರುವುದೂ ಹೆಚ್ಚುತ್ತದೆ. ಕಂಡಷ್ಟು ನಿದರ್ಶನಗಳಿಂದ ಕಾಣದವುಗಳ ಬಗ್ಗೆ ವ್ಯಾಪ್ತಿಯನ್ನು (ಎಂದೂ ತಪ್ಪದ ಸಂಬಂಧವನ್ನು) ಸ್ಥಾಪಿಸಲಾಗದು ಎಂದು ಚಾರ್ವಾಕರು ಅನುಮಾನ (ಕುರುಹಿನಿಂದ ಊಹಿಸಿ ತಿಳಿಯುವ) ಪ್ರಮಾಣವನ್ನೇ ನಿರಾಕರಿಸಿದ್ದು ಇಂಥ ಕಾರಣಕ್ಕೇ. 10ನೆಯ ಶತಮಾನದ ನ್ಯಾಯದರ್ಶನಕಾರ ಉದಯನನು ‘ನ್ಯಾಯಕುಸುಮಾಂಜಲಿ’ಯಲ್ಲಿ ಇದಕ್ಕೆ ಉತ್ತರ ಕೊಟ್ಟ: ಸಂಶಯಪಡುವವನ ನಡವಳಿಕೆಯೇ ಅವನ ಸಂಶಯಕ್ಕೆ ವಿರುದ್ಧವಾಗುವಲ್ಲಿ ಸಂಶಯ ನಿಲ್ಲಬೇಕು. ಉತ್ತರ ಬಲವಾದದ್ದೇ. ಆದರೆ ಅದು ಉಳಿಸುವುದು ಅನುಮಾನವೆಂಬ ಮಾರ್ಗವನ್ನು. ಸಿಎಲ್ 14 ಸ್ಟೇಬಲ್ ಎಂಬ ಈ ನಿರ್ದಿಷ್ಟ ಅನುಮಾನವನ್ನಲ್ಲ.

ಹೆಚ್ಚು ಬೆಳಕು ಸಿಗುವುದು ಪ್ರಾಮಾಣ್ಯದ, ಅಂದರೆ ಜ್ಞಾನ ಸರಿಯೆಂಬುದು ಹೇಗೆ ತಿಳಿಯುತ್ತದೆ ಎಂಬ ಚರ್ಚೆಯಲ್ಲಿ. ಜ್ಞಾನದ ಪ್ರಾಮಾಣ್ಯ ಹೊರಗಿನಿಂದ, ಸಫಲವಾದ ಪ್ರವೃತ್ತಿಯಂಥ ಕುರುಹುಗಳಿಂದ ತಿಳಿಯಬೇಕು ಎನ್ನುತ್ತಾರೆ ನೈಯಾಯಿಕರು. ಹಾಗಾದರೆ ಪರೀಕ್ಷೆಯನ್ನು ಪರೀಕ್ಷಿಸುವುದು ಯಾವುದು ಎಂಬ ಅನವಸ್ಥೆ, ಕೊನೆಯಿಲ್ಲದ ಸರಣಿ, ಏಳುತ್ತದೆ. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ಈ ಸರಣಿ ಸಾಕ್ಷಿಯೆಂಬ ಆತ್ಮಸ್ವರೂಪದ ಅರಿವಿನಲ್ಲಿ ಕೊನೆಗೊಳ್ಳುತ್ತದೆ. ಸಾಕ್ಷಿಗೆ ಮತ್ತೊಂದು ಸಾಕ್ಷಿ ಬೇಡ. ಯಂತ್ರದಲ್ಲಿ ಅಂಥದ್ದಿಲ್ಲ. ಪರೀಕ್ಷಿಸುವ ಪ್ರೋಗ್ರಾಮೂ ಸಂಶಯಕ್ಕೆ ಒಳಗಾದ ಅದೇ ಮೆಮೊರಿಯಲ್ಲಿ ಕೂತೇ ಓಡುತ್ತದೆ.

ಮೀಮಾಂಸಕರ ನಿಲುವು ಬೇರೆ. ಕುಮಾರಿಲ ಭಟ್ಟನ ಪ್ರಕಾರ ಜ್ಞಾನ ತಾನಾಗಿಯೇ ಪ್ರಮಾಣ. ಅದನ್ನು ತಳ್ಳಿಹಾಕುವುದು ಎರಡೇ: ವಿರುದ್ಧವಾದ ಬಾಧಕ ಜ್ಞಾನ, ಇಲ್ಲವೇ ಕಾರಣದಲ್ಲಿ ದೋಷವಿದೆಯೆಂಬ ಅರಿವು. ತಪ್ಪು ಕಾಣುವವರೆಗೂ ನಂಬು ಎಂಬ ಓವರ್‌ಕ್ಲಾಕರುಗಳ ರೂಢಿ ಈ ಮತಕ್ಕೆ ಹತ್ತಿರವೆಂದು ತೋರುತ್ತದೆ. ವಾಸ್ತವದಲ್ಲಿ ಅಲ್ಲ. ನಿಗದಿತ ಟೈಮಿಂಗ್‌ನಲ್ಲಿ ನಡೆಯುವ ಮೆಮೊರಿಗೆ ಆ ಸಹಜ ನಂಬಿಕೆ ಸಲ್ಲುತ್ತದೆ. ಅದನ್ನು ಬಿಗಿ ಮಾಡಿದವರಾದರೋ ಕಾರಣದೋಷದ ಶಂಕೆಗೆ ತಾವೇ ತಿಳಿದು ಎಡೆಮಾಡಿಕೊಟ್ಟಿದ್ದಾರೆ. ಹಿಂದಿನ ನಂಬಿಕೆಯನ್ನು ಹೊಸ ಸೆಟ್ಟಿಂಗಿಗೆ ಹಾಗೆಯೇ ದಾಟಿಸುವಂತಿಲ್ಲ. ಸಮರ್ಥಿಸುವ ಹೊಣೆ ಈಗ ಅವರದು. ಆಟವೊಂದು ನಡುವೆ ನಿಂತುಹೋದರೆ ಆ ಹೊಣೆ ಹಗುರ. ಬೇರೆಯವರ ಲೆಕ್ಕಪತ್ರ ಆ ಯಂತ್ರದಲ್ಲಿದ್ದರೆ ಭಾರ.

ಸದ್ದಿಲ್ಲದ ದೋಷ ಇನ್ನೂ ದೊಡ್ಡ ತೊಡಕು. ಫೋಟೊ ಒಂದರ ಒಂದು ಬಿಟ್ ಮೆಮೊರಿಯಲ್ಲಿ ತಿರುವುಮುರುವಾಗಿ ಹಾಗೆಯೇ ಡಿಸ್ಕಿಗೆ ಹೋದರೆ ಬಾಧಕ ಜ್ಞಾನ ಹುಟ್ಟುವುದೇ ಇಲ್ಲ; ತಪ್ಪು ಮಾತ್ರ ಉಳಿಯುತ್ತದೆ. ಬಾಧಕ ಕಾಣದಿರುವುದು ಬೇರೆ, ಬಾಧಕ ಇಲ್ಲದಿರುವುದು ಬೇರೆ. ಸರ್ವರ್‌ಗಳಲ್ಲಿ ಬಳಸುವ ಇಸಿಸಿ ಮೆಮೊರಿ ಈ ಅಂತರವನ್ನು ಬಹುಮಟ್ಟಿಗೆ ತುಂಬುತ್ತದೆ. 64 ಬಿಟ್ ದತ್ತಾಂಶದ ಜೊತೆ 8 ಹೆಚ್ಚುವರಿ ಬಿಟ್ ಇಟ್ಟುಕೊಂಡು, ಒಂದು ಬಿಟ್ ಕೆಟ್ಟರೆ ತಿದ್ದುತ್ತದೆ, ಎರಡು ಕೆಟ್ಟರೆ ತಿದ್ದಲಾಗದಿದ್ದರೂ ವರದಿ ಮಾಡುತ್ತದೆ. ಅಲ್ಲಿ ದೋಷಕ್ಕೆ ಬಾಧಕ ಜ್ಞಾನವಾಗಿ ಹೊರಬರಲು ದಾರಿಯಿರುವುದರಿಂದ, ಅದು ಬಾರದಿರುವುದಕ್ಕೂ ಪುರಾವೆಯ ತೂಕ ಬರುತ್ತದೆ.